ಗೋಡೆಯಿಂದ ಹಿಂದಕ್ಕೆ: ಆರಡಿ–ಎಂಟಡಿಯ ಚಿತ್ರ ಲಂಡನ್ನಿನಿಂದ ಬೆಂಗಳೂರಿಗೆ ಬರುವ ಲೆಕ್ಕ

ದೊಡ್ಡ ಚಿತ್ರವನ್ನು ಹೊರದೇಶದಿಂದ ತರಿಸುವವರು ಸಾಮಾನ್ಯವಾಗಿ ಬೆಲೆಯಿಂದ ಶುರು ಮಾಡುತ್ತಾರೆ. ಕ್ಯಾನ್ವಾಸ್ ಕಣ್ಣಿಗೆ ಬೀಳುತ್ತದೆ, ಪೌಂಡನ್ನು ರೂಪಾಯಿಗೆ ಗುಣಿಸುತ್ತಾರೆ, ಸಾಗಣೆಗೆಂದು ಅಂದಾಜಿನಲ್ಲಿ ಒಂದಿಷ್ಟು ಸೇರಿಸುತ್ತಾರೆ, ದುಡ್ಡು ಕಳಿಸುತ್ತಾರೆ. ಅಳತೆಯ ಟೇಪು ಹೊರಗೆ ಬರುವುದು ಆಮೇಲೆ. ಎರಡಡಿಯ ಚಿತ್ರಕ್ಕೆ ಈ ಕ್ರಮ ನಡೆಯುತ್ತದೆ, ಎಂಟಡಿಯದಕ್ಕೆ ನಡೆಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಸೆಂಟಿಮೀಟರಿನ ಮಾತು. ಅದಕ್ಕೇ ಈ ಬರಹ ಗೋಡೆಯಿಂದ ಹೊರಟು ಮೆಟ್ಟಿಲು, ಕಸ್ಟಮ್ಸ್, ವಿಮಾನ, ಪೆಟ್ಟಿಗೆ ದಾಟಿ ಕೊನೆಗೆ ಮಾರುವವರ ಬಾಗಿಲಿಗೆ ಹೋಗುತ್ತದೆ. ಹಣ ಕಳಿಸುವ ಮೊದಲು ನೀವೂ ಇದೇ ದಿಕ್ಕಿನಲ್ಲಿ ಒಮ್ಮೆ ನಡೆದು ಬನ್ನಿ.

ಉದಾಹರಣೆಗೆ ಒಂದೇ ಚಿತ್ರವನ್ನು ಇಟ್ಟುಕೊಳ್ಳೋಣ: 180 × 240 ಸೆಂ.ಮೀ. ಅಳತೆಯದು, ಮರದ ಸ್ಟ್ರೆಚರ್ (ಕ್ಯಾನ್ವಾಸನ್ನು ಹಿಂದಿನಿಂದ ಹಿಡಿದಿಡುವ ಒಳಚೌಕಟ್ಟು) ಮೇಲೆ ಬಿಗಿದ ಅಕ್ರಿಲಿಕ್ ಕೃತಿ, ಹೊರಚೌಕಟ್ಟಿಲ್ಲ. ಇರುವುದು ಲಂಡನ್ನಿನ ಗ್ಯಾಲರಿಯಲ್ಲಿ, ಬರಬೇಕಾದ್ದು ಬೆಂಗಳೂರಿನ ಆರನೇ ಮಹಡಿಯ ಫ್ಲ್ಯಾಟಿಗೆ.

ಗೋಡೆ, ಲಿಫ್ಟು, ಮೆಟ್ಟಿಲು

ಗ್ಯಾಲರಿಗಳ ರೂಢಿಯಂತೆ ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರದಲ್ಲಿರುತ್ತದೆ. ನಮ್ಮ ಚಿತ್ರದ ಕೆಳಅಂಚು ಆಗ 60ಕ್ಕೂ ಮೇಲಂಚು 240ಕ್ಕೂ ಬರುತ್ತದೆ. ಮುಂದೆ ಸೋಫಾ ಇದ್ದರೆ, 85 ಸೆಂ.ಮೀ. ಎತ್ತರದ ಅದರ ಬೆನ್ನು ಚಿತ್ರದ ಒಂದು ಗೇಣಿಗೂ ಹೆಚ್ಚು ಭಾಗವನ್ನು ಮರೆಮಾಡುತ್ತದೆ. ಅದಕ್ಕಿಂತ ಕೆಟ್ಟದ್ದು, ಒರಗಿ ಕೂತವರ ತಲೆಯ ಎಣ್ಣೆ ಕ್ಯಾನ್ವಾಸಿಗೆ ತಗಲುತ್ತದೆ. ಅಕ್ರಿಲಿಕ್ ಪದರ ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದು, ಒಮ್ಮೆ ಹೀರಿದ ಎಣ್ಣೆಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸೋಫಾ ತಪ್ಪಿಸಲು ಕೆಳಅಂಚನ್ನು 95ಕ್ಕೆ ಏರಿಸಿದರೆ ಮೇಲಂಚು 275ಕ್ಕೆ ಹೋಗುತ್ತದೆ. ಹತ್ತಡಿ ಛಾವಣಿ ಎಂದು ಬಿಲ್ಡರ್ ಹೇಳಿದ ಕೋಣೆಯಲ್ಲೂ ತೊಲೆಯ ಕೆಳಗೆ ಎಂಟಡಿ ಚಿಲ್ಲರೆ ಮಾತ್ರ ಉಳಿದಿರುತ್ತದೆ. ಆದ್ದರಿಂದ ಮೊದಲ ಅಳತೆ ನೆಲದಿಂದ ತೊಲೆಯ ತಳಕ್ಕೆ.

ಎರಡನೆಯದು ಗೋಡೆಯ ಜಾತಿ. ಗಟ್ಟಿ ಕಾಂಕ್ರೀಟ್ ಬ್ಲಾಕಾದರೆ ಸಾಮಾನ್ಯ ಆ್ಯಂಕರ್ ಬೋಲ್ಟ್ ಸಾಕು. ಟೊಳ್ಳು ಬ್ಲಾಕಾದರೆ ಅದು ಹಿಡಿಯುವುದಿಲ್ಲ, ಜಾಲರಿಯ ತೋಳಿನೊಳಗೆ ರಾಸಾಯನಿಕ ಅಂಟು ತುಂಬಿ ಕೂರಿಸುವ ಆ್ಯಂಕರ್ ಬೇಕು. ಇಷ್ಟು ಅಗಲದ ಚಿತ್ರವನ್ನು ತಂತಿ ಕಟ್ಟಿ ಎರಡು ಮೊಳೆಗೆ ನೇತುಹಾಕಬಾರದು. ತಂತಿ ಎಳೆದಾಗ ಸ್ಟ್ರೆಚರಿನ ಅಡ್ಡಪಟ್ಟಿ ಒಳಕ್ಕೆ ಬಾಗಿ ಕ್ಯಾನ್ವಾಸಿನ ಮೂಲೆಗಳಲ್ಲಿ ಸುಕ್ಕು ಏಳುತ್ತದೆ. ಒಂದಕ್ಕೊಂದು ಕೊಕ್ಕೆಯಂತೆ ಕೂರುವ ಅಲ್ಯೂಮಿನಿಯಂ ಪಟ್ಟಿಗಳ ಜೋಡಿ ಸರಿಯಾದ ವ್ಯವಸ್ಥೆ. ಭಾರ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ಮಳೆ ಹೊಡೆಯುವ ಹೊರಗೋಡೆ, ಬಚ್ಚಲಿಗೆ ಅಂಟಿದ ಗೋಡೆ ಎರಡೂ ಬೇಡ. ಬೇರೆ ಯಾವ ಗೋಡೆಯಾದರೂ ಕೆಳಮೂಲೆಗಳಿಗೆ ರಬ್ಬರ್ ಬಿಲ್ಲೆ ಕೊಟ್ಟು ಹಿಂದೆ ಎರಡು ಸೆಂ.ಮೀ. ಗಾಳಿ ಆಡಲು ಬಿಡಿ. ಮುಂಗಾರಿನಲ್ಲಿ ಬೂಸ್ಟು ಹಿಡಿಯುವುದು ಹೆಚ್ಚಾಗಿ ಚಿತ್ರದ ಬೆನ್ನಿಂದ.

ಈಗ ಲಿಫ್ಟು. ಎಂಟು ಜನ ಹಿಡಿಸುವ ಒಂದು ಲಿಫ್ಟಿನ ಒಳಅಳತೆ 110 ಅಗಲ, 140 ಆಳ, 220 ಎತ್ತರ ಎಂದುಕೊಳ್ಳಿ. ಮೂಲೆಯಿಂದ ಮೂಲೆಗೆ ಅಡ್ಡಲಾಗಿ ನಿಲ್ಲಿಸಿದರೂ ನೆಲದ ಮೇಲೆ ಸಿಗುವುದು 178 ಸೆಂ.ಮೀ. ನಮ್ಮ ಚಿತ್ರದ ಚಿಕ್ಕ ಬದಿಯೇ 180. ಉದ್ದ ಬದಿಯನ್ನು ಮೇಲಕ್ಕೆತ್ತೋಣವೆಂದರೆ ಛಾವಣಿ 220ಕ್ಕೆ ಮುಗಿಯುತ್ತದೆ. ಎರಡು ಸೆಂಟಿಮೀಟರಿಗೆ ಕೆಟ್ಟಿತು ಎಂದು ಕ್ಯಾನ್ವಾಸನ್ನು ಒತ್ತಿ ತೂರಿಸುವಂತಿಲ್ಲ. ಹಾಗಾಗಿ ಮೆಟ್ಟಿಲೇ ಗತಿ, ಮೆಟ್ಟಿಲಲ್ಲಿ ತೊಡಕು ತಿರುವಿನದು. ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಗೆಲ್ಲುವುದು ಕಷ್ಟ, ಏಕೆಂದರೆ ಕೈಪಿಡಿ ಕಂಬಿ, ಮೇಲಿನ ಮೆಟ್ಟಿಲ ಸಾಲಿನ ತಳ, ಅಗ್ನಿಶಾಮಕ ಪೈಪು ಎಲ್ಲವೂ ಒಂದೊಂದು ಕಡೆಯಿಂದ ಜಾಗ ಕಸಿಯುತ್ತವೆ.

ಇದಕ್ಕೆ ಅಗ್ಗದ, ನಂಬಬಹುದಾದ ಉಪಾಯವೊಂದಿದೆ. ಹಾರ್ಡ್‌ವೇರ್ ಅಂಗಡಿಯಿಂದ ಮುಕ್ಕಾಲು ಇಂಚಿನ ಪಿವಿಸಿ ಪೈಪು ಒಂಬತ್ತು ಮೀಟರ್, ನಾಲ್ಕು ಎಲ್ಬೋ, ನಾಲ್ಕು ಟೀ ತನ್ನಿ. ಹೊದಿಕೆ ಸೇರಿಸಿ 184 × 244ರ ಚೌಕಟ್ಟು ಕಟ್ಟಿ. ಬಾಗದಂತೆ ನಾಲ್ಕು ಮೂಲೆಗೂ ದಾರ ಎಳೆದು ಕಟ್ಟಿ. ಇಬ್ಬರು ಹಿಡಿದುಕೊಂಡು ಗೇಟಿನಿಂದ ಗೋಡೆಯವರೆಗೆ ನಡೆಯಿರಿ, ಪ್ರತಿ ತಿರುವನ್ನೂ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಮೂರನೇ ಮಹಡಿಯ ತಿರುವಿನಲ್ಲಿ ಪೈಪಿನ ಮೂಲೆ ಸುಣ್ಣದ ಗೋಡೆಯನ್ನು ಕೆರೆದು ಬಿಳಿ ಗೆರೆ ಬಿಟ್ಟಿತೆಂದರೆ, ನಾಳೆ ಅಲ್ಲಿ ಕೆರೆಯುವುದು ಕ್ಯಾನ್ವಾಸಿನ ಅಂಚು. ಪೈಪು ಎಲ್ಲೂ ತಾಗದೆ ಗೋಡೆ ಮುಟ್ಟಿದರೆ ಚಿತ್ರವೂ ಮುಟ್ಟುತ್ತದೆ. ಮುಟ್ಟದಿದ್ದರೆ ಉಳಿಯುವುದು ಮೂರೇ ದಾರಿ: ಹೊರಗಿನಿಂದ ಬಾಲ್ಕನಿಗೆ ಎತ್ತುವುದು, ಸುತ್ತಿ ತರುವುದು, ಇಲ್ಲವೇ ಎರಡು ತುಂಡಿನ ಕೃತಿಯನ್ನು ಹುಡುಕುವುದು. ಬಾಲ್ಕನಿಗೆ ಎತ್ತುವ ಕೆಲಸ ಗಾಳಿ ಇಲ್ಲದ ಮುಂಜಾನೆಯಲ್ಲೇ ಆಗಬೇಕು. ನಾಲ್ಕೂವರೆ ಚದರ ಮೀಟರಿನ ಕ್ಯಾನ್ವಾಸ್ ಹಗ್ಗದಲ್ಲಿ ತೂಗುವಾಗ ಹಾಯಿಯಂತೆ ಗಾಳಿ ಹಿಡಿಯುತ್ತದೆ.

ಪೆಟ್ಟಿಗೆಯೇ ಮೇಲೆ ಬರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಅದನ್ನು ನೆಲಮಾಳಿಗೆಯಲ್ಲೋ ಮುಚ್ಚಿದ ಪಾರ್ಕಿಂಗಿನಲ್ಲೋ ತೆರೆಯಬೇಕಾಗುತ್ತದೆ. ಬಂದ ಕೂಡಲೇ ತೆರೆಯಬಾರದು. ಕನಿಷ್ಠ 24 ಗಂಟೆ ಮುಚ್ಚಿದ ಹಾಗೆಯೇ ಇರಲಿ. ತಣ್ಣಗಿನ ಸರಕುಕೋಣೆಯಿಂದ ಬಂದ ಚಿತ್ರಕ್ಕೆ ನಮ್ಮ ಮಳೆಗಾಲದ ಗಾಳಿ ಒಮ್ಮೆಲೇ ತಾಗಿದರೆ ಮೇಲ್ಮೈಯಲ್ಲಿ ಹನಿ ಕಟ್ಟುತ್ತದೆ, ಮರ ಹಿಗ್ಗುತ್ತದೆ, ಬಟ್ಟೆ ಸಡಿಲವಾಗುತ್ತದೆ. ಆ ಒಂದು ರಾತ್ರಿ ಪಾರ್ಕಿಂಗಿನಲ್ಲಿ ಪೆಟ್ಟಿಗೆ ಇಡಲು ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಮೊದಲೇ ಬರವಣಿಗೆಯಲ್ಲಿರಲಿ. ಲಾರಿಯ ಸಮಯವನ್ನೂ ಅದರೊಂದಿಗೇ ಹೊಂದಿಸಿ: ಹಗಲು ಹೊತ್ತಿನಲ್ಲಿ ಊರೊಳಗೆ ದೊಡ್ಡ ವಾಹನಗಳಿಗೆ ನಿರ್ಬಂಧ, ರಾತ್ರಿ ಸಾಮಾನು ಇಳಿಸಲು ಸಂಘಗಳ ನಿರ್ಬಂಧ. ಲಾರಿಯ ಒಳಎತ್ತರ 220 ಸೆಂ.ಮೀ.ಗೆ ಕಡಿಮೆಯಿದ್ದರೆ ಪೆಟ್ಟಿಗೆಯನ್ನು ಮಲಗಿಸಿಬಿಡುತ್ತಾರೆ. ಮಲಗಿಸಿದ ಕ್ಯಾನ್ವಾಸ್ ರಸ್ತೆಯ ಪ್ರತಿ ಉಬ್ಬಿಗೂ ತಮಟೆಯ ಚರ್ಮದಂತೆ ಅದುರುತ್ತದೆ.

ಕಸ್ಟಮ್ಸ್

ಕೈಯಿಂದಲೇ ಮಾಡಿದ ಚಿತ್ರಕ್ಕೆ ಸುಂಕದ ಪಟ್ಟಿಯಲ್ಲಿ 9701ನೇ ಶೀರ್ಷಿಕೆ, ಮೂಲ ಮುದ್ರಿಕೆಗಳಿಗೆ 9702, ಮೂಲ ಶಿಲ್ಪಕ್ಕೆ 9703. ಮೂಲ ಸುಂಕ ಶೇ. 10, ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಮೇಲ್ತೆರಿಗೆ, ಇವೆಲ್ಲ ಸೇರಿದ ಮೊತ್ತದ ಮೇಲೆ ಆಮದಿನ ಜಿಎಸ್‌ಟಿಯಾದ ಐಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಕಲಾಕೃತಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದು ದೊಡ್ಡ ವ್ಯತ್ಯಾಸ. ಬಜೆಟ್ ಬಂದಾಗಲೆಲ್ಲ ಇವು ಕದಲಬಹುದು, ಆದ್ದರಿಂದ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ) ಹಾಕುವ ದಿನದ ದರವನ್ನೇ ನೋಡಿ.

ಸುಂಕ ಬೀಳುವುದು ಚಿತ್ರದ ಬೆಲೆಯ ಮೇಲೆ ಮಾತ್ರವಲ್ಲ. ಪೆಟ್ಟಿಗೆಯ ಖರ್ಚು, ವಿಮಾನದ ಬಾಡಿಗೆ, ವಿಮೆ ಎಲ್ಲವೂ ಮೌಲ್ಯಕ್ಕೆ ಸೇರುತ್ತವೆ. ಒಂದು ಲೆಕ್ಕ ನೋಡಿ: ಚಿತ್ರ ₹20 ಲಕ್ಷ, ಪೆಟ್ಟಿಗೆ ₹1 ಲಕ್ಷ, ವಿಮಾನ ₹4 ಲಕ್ಷ, ವಿಮೆ ₹20,000, ಒಟ್ಟು ₹25.20 ಲಕ್ಷ. ಮೂಲ ಸುಂಕ ₹2,52,000. ಮೇಲ್ತೆರಿಗೆ ₹25,200. ₹27,97,200ರ ಮೇಲೆ ಐಜಿಎಸ್‌ಟಿ ₹1,39,860. ಕಟ್ಟಬೇಕಾದ್ದು ₹4,17,060, ಅಂದರೆ ಒಟ್ಟು ಮೌಲ್ಯದ ಶೇ. 16.55. ದೊಡ್ಡ ಕೃತಿ ಕೊಳ್ಳುವವರಿಗೆ ಅನುಕೂಲವಾದ ಒಂದು ನಿಯಮವಿದೆ: ವಿಮಾನದ ಬಾಡಿಗೆ ಎಷ್ಟೇ ಆಗಲಿ, ಸುಂಕದ ಲೆಕ್ಕಕ್ಕೆ ಅದನ್ನು ಎಫ್‌ಒಬಿ (ಬಾಡಿಗೆ, ವಿಮೆ ಬಿಟ್ಟು ಚಿತ್ರ ಮತ್ತು ಪೆಟ್ಟಿಗೆಯ) ಬೆಲೆಯ ಶೇ. 20ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ಬಾಡಿಗೆ ₹7 ಲಕ್ಷವಾಗಿದ್ದರೂ ಲೆಕ್ಕಕ್ಕೆ ಬರುವುದು ₹4.20 ಲಕ್ಷ. ಇದು ಸಿಗಬೇಕಾದರೆ ಬಿಲ್ಲಿನಲ್ಲಿ ಚಿತ್ರ, ಪೆಟ್ಟಿಗೆ, ಬಾಡಿಗೆ, ವಿಮೆ ಬೇರೆ ಬೇರೆ ಸಾಲಿನಲ್ಲಿರಬೇಕು. ಎಲ್ಲವನ್ನೂ ಕೂಡಿಸಿ ಒಂದೇ ಸಾಲಿನಲ್ಲಿ ಬರೆದ ಬಿಲ್ಲು ನಿಮ್ಮ ಜೇಬಿಗೆ ಕತ್ತರಿ.

ನಿಜವಾದ ತೊಡಕು ಶೀರ್ಷಿಕೆಯದು. ಖಾಸಗಿ ವ್ಯಕ್ತಿ ತನ್ನ ಬಳಕೆಗೆಂದು ವಿಮಾನದಲ್ಲಿ ತರಿಸುವ ಸರಕಿಗೆ 9804 ಎಂಬ ಬೇರೆಯೇ ಶೀರ್ಷಿಕೆ ಇದೆ. ಆ ಅಧ್ಯಾಯದ ಟಿಪ್ಪಣಿ, ಬೇರೆಡೆ ನಿಖರ ಶೀರ್ಷಿಕೆ ಇದ್ದರೂ ಇದೇ ಅನ್ವಯ ಎನ್ನುತ್ತದೆ. ಅಲ್ಲಿ ಐಜಿಎಸ್‌ಟಿ ಹೆಚ್ಚು. ಸರಕು ಬಂದಿಳಿದ ಮೇಲೆ ಈ ವಾದ ಎದ್ದರೆ ದಿನಗಳು ಉರುಳುತ್ತವೆ, ಗೋದಾಮಿನ ಬಾಡಿಗೆ ಬೆಳೆಯುತ್ತದೆ. ಆದ್ದರಿಂದ ಹಣ ಕಳಿಸುವ ಮೊದಲೇ ಕಸ್ಟಮ್ಸ್ ಬ್ರೋಕರರಿಂದ ಯಾವ ಶೀರ್ಷಿಕೆಯಲ್ಲಿ ಹಾಕುತ್ತೀರಿ ಎಂದು ಬರವಣಿಗೆಯಲ್ಲಿ ಪಡೆಯಿರಿ, ಎರಡೂ ಲೆಕ್ಕ ಮಾಡಿಸಿ. ಸ್ವಂತ ಬಳಕೆಗೆ ಐಇಸಿ (ಆಮದು–ರಫ್ತುದಾರರ ಗುರುತು) ಸಂಖ್ಯೆ ಕಡ್ಡಾಯವಲ್ಲ. ಆದರೂ ತೆಗೆದುಕೊಳ್ಳುವುದು ಲೇಸು: ಶುಲ್ಕ ₹500, ಸಂಖ್ಯೆ ನಿಮ್ಮ ಪ್ಯಾನ್ ಸಂಖ್ಯೆಯೇ, ಬ್ಯಾಂಕಿನಲ್ಲೂ ಕಸ್ಟಮ್ಸ್‌ನಲ್ಲೂ ಮಾತು ಸಲೀಸಾಗುತ್ತದೆ.

ಕ್ಯಾನ್ವಾಸಿನ ಮೇಲೆ ಇಂಕ್‌ಜೆಟ್‌ನಲ್ಲಿ ಮುದ್ರಿಸಿದ, ಕಲಾವಿದರ ಸಹಿ ಇರುವ ಜೀಕ್ಲೇ ಪ್ರತಿಗಳು 9701ಕ್ಕೂ ಬರುವುದಿಲ್ಲ, 9702ಕ್ಕೂ ಬರುವುದಿಲ್ಲ. ಅವು ಮುದ್ರಿತ ಚಿತ್ರಗಳ ಸಾಲಿಗೆ ಹೋಗುತ್ತವೆ. ಮಾರುವವರು 'ಒರಿಜಿನಲ್ ಪ್ರಿಂಟ್' ಎಂದು ಬರೆದದ್ದನ್ನು ಹಾಗೇ ನಂಬಿ ಘೋಷಿಸಿದರೆ ತಪ್ಪು ಘೋಷಣೆಯ ಹೊಣೆ ಆಮದು ಮಾಡಿದವರ ಮೇಲೆ. ಸುಂಕದ ಅಧಿಕಾರಿಗೆ ಕಲೆ ಕಾಣುವ ಬಗೆಯೇ ಬೇರೆ ಎಂಬುದಕ್ಕೆ ನೂರು ವರ್ಷ ಹಳೆಯ ನಿದರ್ಶನವಿದೆ: 1926ರಲ್ಲಿ ಶಿಲ್ಪಿ ಬ್ರಾಂಕೂಸಿಯ 'ಬರ್ಡ್ ಇನ್ ಸ್ಪೇಸ್' ಎಂಬ ಕಂಚಿನ ಶಿಲ್ಪ ನ್ಯೂಯಾರ್ಕಿಗೆ ಬಂದಾಗ ಅಮೆರಿಕದ ಕಸ್ಟಮ್ಸ್ ಅದನ್ನು ಅಡುಗೆಮನೆಯ ಪಾತ್ರೆ ಪರಿಕರಗಳ ವರ್ಗಕ್ಕೆ ಹಾಕಿ ಶೇ. 40 ಸುಂಕ ಹೇರಿತು. ಅದು ಕಲೆಯೇ ಎಂದು ನ್ಯಾಯಾಲಯ ಹೇಳಿದ್ದು 1928ರಲ್ಲಿ. ಬೆಳಕು, ವಿಡಿಯೊ, ಯಂತ್ರಭಾಗ ಇರುವ ಕೃತಿಗಳಿಗೆ ಇಂದಿಗೂ ಅದೇ ಜಗಳ. ಹಾಗಾಗಿ ಕಲಾವಿದರ ಹೇಳಿಕೆ, ಪ್ರದರ್ಶನದ ಪಟ್ಟಿ, ದೃಢೀಕರಣ ಪತ್ರ ಇವನ್ನು ಬಿಲ್ಲಿನ ಜೊತೆಗೇ ಕಳಿಸಿ.

ಬಿಲ್ ಆಫ್ ಎಂಟ್ರಿಯನ್ನು ವಿಮಾನ ಇಳಿಯುವ ಮೊದಲೇ ಹಾಕಿಸಿ. ತಡವಾದರೆ ಮೊದಲ ಮೂರು ದಿನ ದಿನಕ್ಕೆ ₹5,000, ಆಮೇಲೆ ದಿನಕ್ಕೆ ₹10,000. ಪರಿಶೀಲನೆಗೆ ಪೆಟ್ಟಿಗೆ ತೆರೆಯಬೇಕೆಂದರೆ ತೆರೆಯಲೇಬೇಕು, ಅದರಲ್ಲಿ ಅಧಿಕಾರಿಯ ತಪ್ಪೇನಿಲ್ಲ. ತೆರೆಯುವ ಕೈ ಯಾರದು ಎಂಬುದಷ್ಟೇ ನಿಮ್ಮ ಹಿಡಿತದಲ್ಲಿರುವುದು. ಕಲಾಕೃತಿ ನಿರ್ವಹಿಸಿ ಬಲ್ಲವರೊಬ್ಬರು ಆ ಹೊತ್ತಿಗೆ ಕಾರ್ಗೋ ಶೆಡ್ಡಿನಲ್ಲಿರುವಂತೆ ಬ್ರೋಕರರೊಡನೆ ಒಪ್ಪಂದ ಮಾಡಿಕೊಳ್ಳಿ.

ಹಳೆಯ ಕೃತಿಗಳ ಮಾತು ಬೇರೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ನೂರು ವರ್ಷ ದಾಟಿದ ಚಿತ್ರ, ಶಿಲ್ಪ ಪುರಾವಸ್ತು. ರವಿವರ್ಮ, ರವೀಂದ್ರನಾಥ ಟ್ಯಾಗೋರ್, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಿಕೊಲಸ್ ರೋರಿಕ್ ಮೊದಲಾದ ಒಂಬತ್ತು ಕಲಾವಿದರ ಕೃತಿಗಳು ವಯಸ್ಸು ಎಷ್ಟೇ ಇರಲಿ ಕಲಾನಿಧಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನನ್ನೂ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕರನ್ನೂ ನೋಡಿ ಬೆಳೆದವರಿಗೆ ಲಂಡನ್ನಿನ ಹರಾಜಿನಲ್ಲಿ ಆ ಹೆಸರು ಕಂಡರೆ ಆಸೆಯಾಗುವುದು ಸಹಜ. ತರಬಹುದು, ತಂದರೆ ಸಂತೋಷವೇ. ಆದರೆ ಒಮ್ಮೆ ಭಾರತಕ್ಕೆ ಬಂದ ಮೇಲೆ ಅದನ್ನು ಮತ್ತೆ ಹೊರದೇಶದಲ್ಲಿ ಮಾರುವ ದಾರಿ ಮುಚ್ಚಿದಂತೆಯೇ. ಇಲ್ಲಿನ ಮಾರುಕಟ್ಟೆಯೊಂದನ್ನೇ ನಂಬಿ ಬೆಲೆ ಕಟ್ಟಿ.

ವಿಮಾನದ ಬಾಗಿಲು

ಗ್ಯಾಲರಿಯವರು ಕೊಡುವ ಸಾಗಣೆಯ ಅಂದಾಜಿನಲ್ಲಿ ದುಬಾರಿ ತಿರುವು ಇರುವುದು ಇಲ್ಲಿ. ಅಗಲದೇಹದ ಪ್ರಯಾಣಿಕ ವಿಮಾನದ ಕೆಳಗಿನ ಸರಕುಕೋಣೆಯಲ್ಲಿ ನಿಲ್ಲಬಹುದಾದ ಎತ್ತರ ಸುಮಾರು 160 ಸೆಂ.ಮೀ. ಸರಕು ಕಟ್ಟಿ ಏರಿಸುವ ಹಲಗೆಯಾದ ಪ್ಯಾಲೆಟ್ಟಿನ ತಳ 318 × 244. ಪೆಟ್ಟಿಗೆಯ ಗೋಡೆ, ಫೋಮು, ತಳದ ಕಾಲು ಎಲ್ಲ ಸೇರಿ ಎತ್ತರಕ್ಕೆ ಸುಮಾರು 25 ಸೆಂ.ಮೀ. ಕೂಡುತ್ತದೆ. ಹಾಗಾಗಿ ಚಿತ್ರದ ಚಿಕ್ಕ ಬದಿ 135 ಸೆಂ.ಮೀ. ಒಳಗಿದ್ದರೆ ಯಾವುದೇ ನೇರ ಪ್ರಯಾಣಿಕ ವಿಮಾನದಲ್ಲಿ ನಿಂತುಕೊಂಡೇ ಬರುತ್ತದೆ. ಅದನ್ನು ದಾಟಿದರೆ ಸರಕು ವಿಮಾನ ಬೇಕು. ಬೋಯಿಂಗ್ 747, 777 ಸರಕು ವಿಮಾನಗಳ ಮುಖ್ಯ ಅಂತಸ್ತಿನಲ್ಲಿ ಸುಮಾರು ಮೂರು ಮೀಟರ್ ಎತ್ತರ ಸಿಗುತ್ತದೆ. ಇನ್ನೊಂದು ದಾರಿ ಎಂದರೆ ಪೆಟ್ಟಿಗೆಯನ್ನು ಓರೆ ಚೌಕಟ್ಟಿಗೆ ವಾಲಿಸಿ ಕಟ್ಟಿ, ಇಡೀ ಪ್ಯಾಲೆಟ್ಟಿನ ಬಾಡಿಗೆ ತೆರುವುದು. 140 ಸೆಂ.ಮೀ. ಚಿತ್ರಕ್ಕೂ 130 ಸೆಂ.ಮೀ. ಚಿತ್ರಕ್ಕೂ ಸಾಗಣೆಯಲ್ಲಿ ಲಕ್ಷಗಳ ಅಂತರ ಬರುವುದು ಇದರಿಂದ. ಒಂದೇ ಕಲಾವಿದರ ಎರಡು ಕೃತಿಗಳ ನಡುವೆ ಮನಸ್ಸು ತೂಗುತ್ತಿದ್ದರೆ ಈ ಗೆರೆ ನೆನಪಿರಲಿ.

ಬಾಡಿಗೆ ತೂಕಕ್ಕೆ ಎಂದುಕೊಂಡರೆ ಅದೂ ತಪ್ಪು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸುತ್ತಾರೆ; ಅದಕ್ಕೂ ನಿಜ ತೂಕಕ್ಕೂ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ನಮ್ಮ ಚಿತ್ರದ ಪೆಟ್ಟಿಗೆ 265 × 205 × 30 ಎಂದರೆ ಲೆಕ್ಕದ ತೂಕ 272 ಕೆ.ಜಿ. ತಕ್ಕಡಿಯಲ್ಲಿ 130 ಕೆ.ಜಿ. ಇದ್ದರೂ ಕಟ್ಟುವುದು 272ಕ್ಕೆ. ಪೆಟ್ಟಿಗೆಯ ದಪ್ಪವನ್ನು 30ರಿಂದ 25ಕ್ಕೆ ಇಳಿಸಿದರೆ 45 ಕೆ.ಜಿ. ಉಳಿಯುತ್ತದೆ. ಆದರೆ ಉಳಿಸುವುದು ಎಲ್ಲಿಂದ? ಫೋಮಿನಿಂದ. ಅಲ್ಲಿ ಕೈ ಹಾಕಬೇಡಿ.

ದೊಡ್ಡ ಪೆಟ್ಟಿಗೆಗಳು ವಿಮಾನ ನಿಲ್ದಾಣದ ಎಕ್ಸ್‌ರೇ ಸುರಂಗದೊಳಗೆ ಹೋಗುವುದಿಲ್ಲ. ಭದ್ರತೆಗೆ ನೋಂದಾಯಿತ ಏಜೆಂಟರು ತಮ್ಮ ಕಣ್ಣೆದುರಿಗೆ ಕಟ್ಟಿ ಮುದ್ರೆ ಹಾಕಿದ ಪೆಟ್ಟಿಗೆಯಾದರೆ ತೆರೆಯದೆ ಮುಂದಕ್ಕೆ ಹೋಗುತ್ತದೆ. ಯಾರೋ ಬಡಗಿ ಮಾಡಿಕೊಟ್ಟ ಪೆಟ್ಟಿಗೆಯಾದರೆ ನಿಲ್ದಾಣದಲ್ಲೇ ಅಪರಿಚಿತ ಕೈಗಳು ತೆರೆಯಬಹುದು. ಸಾಮಾನ್ಯ ಸರಕಿನವರಿಗಿಂತ ಕಲಾಸಾಗಣೆಯವರು ಹೆಚ್ಚು ಕೇಳುವ ಹಣದಲ್ಲಿ ಒಂದು ಪಾಲು ಇದಕ್ಕಾಗಿ. ಶಿಲ್ಪವಾದರೆ ಹಡಗು ಸರಿ: ಇಪ್ಪತ್ತಡಿ ಕಂಟೇನರಿನ ಬಾಗಿಲು 234 × 228 ಸೆಂ.ಮೀ., ಚೆನ್ನೈ ಬಂದರಿನಿಂದ ವೈಟ್‌ಫೀಲ್ಡಿನ ಒಳನಾಡು ಡಿಪೊಗೂ ತರಿಸಬಹುದು. ಕ್ಯಾನ್ವಾಸನ್ನು ಹಡಗಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹಗಲು ಕಾದ ಉಕ್ಕಿನ ಡಬ್ಬಿ ರಾತ್ರಿ ತಣ್ಣಗಾದಾಗ ಒಳಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ, ವಾರಗಟ್ಟಲೆ.

ಪೆಟ್ಟಿಗೆ

ಸರಿಯಾದ ಪೆಟ್ಟಿಗೆಯಲ್ಲಿ ಚಿತ್ರದ ಮುಖವನ್ನು ಏನೂ ಮುಟ್ಟುವುದಿಲ್ಲ. ಸ್ಟ್ರೆಚರಿನ ಬೆನ್ನಿಗೆ ಲೋಹದ ಕ್ಲಿಪ್ ಹಾಕಿ ಅದನ್ನು ಆಳವಾದ ಪ್ರಯಾಣದ ಚೌಕಟ್ಟಿಗೆ ಸ್ಕ್ರೂ ಮಾಡುತ್ತಾರೆ. ಪಾಲಿಥೀನ್ ಹಾಳೆ ಬೀಳುವುದು ಚೌಕಟ್ಟಿನ ಮೇಲೆ, ಬಣ್ಣದ ಮೇಲಲ್ಲ. ಅದರ ಸುತ್ತ 5 ಸೆಂ.ಮೀ. ಪಾಲಿಎಥಿಲೀನ್ ಫೋಮು, ಹೊರಗೆ 12 ಮಿ.ಮೀ. ಪ್ಲೈವುಡ್, ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ, ಫೋರ್ಕ್‌ಲಿಫ್ಟ್ ತೂರಲು ತಳದಲ್ಲಿ 10 ಸೆಂ.ಮೀ. ಕಾಲು. ಮುಚ್ಚಳಕ್ಕೆ ಮೊಳೆ ಬೇಡ, ಬೋಲ್ಟೇ ಇರಲಿ. ಮೊಳೆ ಕಿತ್ತಾಗಿನ ಸುತ್ತಿಗೆಯ ಅದುರು ಚಿತ್ರಕ್ಕೆ ಹೋಗುತ್ತದೆ, ಮರಳಿ ಮುಚ್ಚಲೂ ಆಗುವುದಿಲ್ಲ. ಬೋಲ್ಟಿಗೆ ಬೇಕಾದ ಸ್ಪ್ಯಾನರನ್ನು ಪೆಟ್ಟಿಗೆಯ ಹೊರಗೇ ಅಂಟಿಸಲು ಹೇಳಿ. ಧಕ್ಕೆ ಮತ್ತು ವಾಲಿಕೆ ತೋರಿಸುವ ಅಂಟುಬಿಲ್ಲೆಗಳು ಚಿತ್ರವನ್ನು ಕಾಯುವುದಿಲ್ಲ, ಆದರೆ ಯಾರ ಕೈಯಲ್ಲಿದ್ದಾಗ ಕೆಂಪಾಯಿತು ಎಂಬ ಸಾಕ್ಷಿ ಕೊಡುತ್ತವೆ.

ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಅಕ್ರಿಲಿಕ್ಕಿಗೆ ತಗಲಿದರೆ ಏನಾಗುತ್ತದೆ ಎಂದು ಹತ್ತಿರದಿಂದ ನೋಡಿದವರು ಮರೆಯುವುದಿಲ್ಲ. ಬಿಸಿಲಿಗೆ ನಿಂತ ಲಾರಿಯಲ್ಲಿ ಬಣ್ಣ ಮೆತ್ತಗಾಗುತ್ತದೆ. ತೆರೆದಾಗ ಕಪ್ಪು ಮೈಮೇಲೆ ಚಿಲ್ಲರೆ ನಾಣ್ಯದಷ್ಟು ಅಗಲದ ಹೊಳೆಯುವ ಉಂಗುರಗಳು, ಸಾಲುಸಾಲಾಗಿ, ಅಂಚಿನಿಂದ ಅಂಚಿಗೆ. ಒರೆಸಿದರೆ ಹೋಗುವುದಿಲ್ಲ, ಏಕೆಂದರೆ ಅದು ಕೊಳೆಯಲ್ಲ, ಬಣ್ಣವೇ ಆ ಆಕಾರಕ್ಕೆ ಒತ್ತಿಕೊಂಡಿರುತ್ತದೆ. ಚಳಿಯಲ್ಲಿ ಇದೇ ಅಕ್ರಿಲಿಕ್ ತದ್ವಿರುದ್ಧ: ಹತ್ತು ಡಿಗ್ರಿಗಿಂತ ಕೆಳಗೆ ಬಿರುಸಾಗಿ, ಬಾಗಿಸಿದರೆ ಬಿರಿಯುತ್ತದೆ.

ಪೆಟ್ಟಿಗೆಯ ಮರಕ್ಕೆ, ಕೀಟ ಹರಡದಂತೆ ಕಾಯಿಸಿದೆ ಎಂದು ತೋರಿಸುವ ಅಂತರರಾಷ್ಟ್ರೀಯ ಐಎಸ್‌ಪಿಎಂ 15 ಮುದ್ರೆ ಇರಲೇಬೇಕು: ಗೋಧಿ ತೆನೆಯ ಗುರುತು, ದೇಶದ ಸಂಕೇತ, ಎಚ್‌ಟಿ ಎಂಬ ಅಕ್ಷರಗಳು. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎಂದು ಅದರ ಅರ್ಥ. ಪ್ಲೈವುಡ್ಡಿಗೆ ವಿನಾಯಿತಿ ಇದೆ, ಆದರೆ ಅದನ್ನು ಹಿಡಿದಿಟ್ಟ ರೀಪಿಗೂ ತಳದ ಕಾಲಿಗೂ ಇಲ್ಲ. ಎಡವಟ್ಟಾಗುವುದು ಇಲ್ಲೇ. ಮುದ್ರೆಯಿಲ್ಲದ ಪೆಟ್ಟಿಗೆ ಬಂದರೆ ಸಸ್ಯ ಸಂಗರೋಧದವರು ಅದನ್ನು ಮೀಥೈಲ್ ಬ್ರೋಮೈಡ್ ಹೊಗೆಗೆ ಕಳಿಸಬಹುದು. ಆ ಅನಿಲ ಗಂಧಕಾಂಶವಿರುವ ಚರ್ಮ, ಉಣ್ಣೆ, ರಬ್ಬರಿನೊಡನೆ ಪ್ರತಿಕ್ರಿಯಿಸಿ ಬಿಡದ ದುರ್ವಾಸನೆ ಹಿಡಿಸುತ್ತದೆ. ಮುದ್ರೆಯ ಫೋಟೊವನ್ನು ಪೆಟ್ಟಿಗೆ ಹೊರಡುವ ಮೊದಲು ತರಿಸಿಕೊಳ್ಳಿ.

ಸುತ್ತಿ ತರುವುದು

ಸ್ಟ್ರೆಚರಿನಿಂದ ಬಿಡಿಸಿ ಕೊಳವೆಗೆ ಸುತ್ತಿದರೆ ಪೆಟ್ಟಿಗೆ 210 × 45 × 45ಕ್ಕೆ ಇಳಿಯುತ್ತದೆ, ಲೆಕ್ಕದ ತೂಕ 71 ಕೆ.ಜಿ. ಯಾವ ಅಗಲದೇಹದ ವಿಮಾನದಲ್ಲೂ ಬರುತ್ತದೆ, ಕೊಳವೆ ಲಿಫ್ಟಿನಲ್ಲಿ ನಿಂತುಕೊಂಡೇ ಆರನೇ ಮಹಡಿಗೆ ಹೋಗುತ್ತದೆ. ಹಾಗಾದರೆ ಎಲ್ಲವನ್ನೂ ಸುತ್ತಬಾರದೇಕೆ? ದಪ್ಪ ಬಣ್ಣ ಮೆತ್ತಿದ್ದು, ಕಾಗದ ಅಂಟಿಸಿದ್ದು, ಹಳೆಯ ಎಣ್ಣೆಬಣ್ಣ, ಇನ್ನೂ ಪೂರ್ತಿ ಒಣಗದ ಎಣ್ಣೆಬಣ್ಣ, ಇವುಗಳನ್ನು ಸುತ್ತಿದರೆ ಬಿರುಕು ಖಂಡಿತ. ಎಣ್ಣೆಬಣ್ಣ ಮುಟ್ಟಿದರೆ ಅಂಟದಂತಾಗಲು ದಿನಗಳು ಸಾಕು, ಒಳಗಿನವರೆಗೆ ಒಣಗಲು ತಿಂಗಳುಗಟ್ಟಲೆ ಬೇಕು. ತೆಳುವಾದ ಅಕ್ರಿಲಿಕ್ ಮಾತ್ರ ನಿಶ್ಚಿಂತೆಯಿಂದ ಸುತ್ತಬಹುದು, ಅದೂ ಬೆಚ್ಚಗಿನ ಕೋಣೆಯಲ್ಲಿ.

ಕೊಳವೆಯ ವ್ಯಾಸ 30 ಸೆಂ.ಮೀ.ಗಿಂತ ಕಡಿಮೆ ಬೇಡ. ಬಣ್ಣದ ಮುಖ ಹೊರಗಿರಬೇಕು. ಬಣ್ಣ ಕಾಪಾಡಲೆಂದು ಒಳಮುಖವಾಗಿ ಸುತ್ತುವುದೇ ಎಲ್ಲರ ಮೊದಲ ತಪ್ಪು. ಒಳಗಿದ್ದರೆ ಪದರ ಒತ್ತಡಕ್ಕೆ ಸಿಕ್ಕಿ ಮಡಿಕೆ ಬೀಳುತ್ತದೆ, ಹೊರಗಿದ್ದರೆ ತುಸು ಹಿಗ್ಗಿ, ಬಿಚ್ಚಿದಾಗ ತನ್ನ ಜಾಗಕ್ಕೆ ಕೂರುತ್ತದೆ. ನಡುವೆ ಸಿಲಿಕೋನ್ ಲೇಪಿಸಿದ ಕಾಗದ. ಬಂದ ವಾರದೊಳಗೆ ಬಿಚ್ಚಿ, ತಿಂಗಳುಗಟ್ಟಲೆ ಕೊಳವೆಯಲ್ಲಿ ಬಿಡಬೇಡಿ. ಹೊಸ ಸ್ಟ್ರೆಚರನ್ನು ಇಲ್ಲೇ ಮಾಡಿಸುವುದಾದರೆ ಹದವಾಗಿ ಒಣಗಿದ ಮರ, 240ರ ಉದ್ದಕ್ಕೆ ಕನಿಷ್ಠ ಎರಡು ಅಡ್ಡಪಟ್ಟಿ, ಮೂಲೆಗೆ ಬಿಗಿಗೊಳಿಸುವ ಬೆಣೆ. ಹಳೆಯ ಸ್ಟ್ರೆಚರಿನ ನಿಖರ ಅಳತೆಯನ್ನೂ ನಾಲ್ಕು ಅಂಚಿನ ಫೋಟೊವನ್ನೂ ಬಿಡಿಸುವ ಮೊದಲು ತೆಗೆಸಿ, ಅರ್ಧ ಸೆಂ.ಮೀ. ದೊಡ್ಡದಾದರೆ ಅಂಚಿನ ಬಣ್ಣ ಒಡೆಯುತ್ತದೆ. ಬಿಡಿಸಲು ಕಲಾವಿದರ ಅಥವಾ ಗ್ಯಾಲರಿಯ ಲಿಖಿತ ಒಪ್ಪಿಗೆ ಬೇಕು.

ಕೊಳವೆಯನ್ನು ತಾವೇ ಹೊತ್ತು ವಿಮಾನ ಹತ್ತಿದರೆ ಖರ್ಚು ಉಳಿಯುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ಪ್ರವಾಸಿಗರಿಗೆ ವ್ಯಾಟ್ ಮರಳಿಸುವ ಯೋಜನೆಯನ್ನು ಬ್ರಿಟನ್ 2020ರ ಕೊನೆಗೆ ನಿಲ್ಲಿಸಿತು. ಗ್ಯಾಲರಿಯೇ ಸಾಗಣೆದಾರರ ಮೂಲಕ ರಫ್ತು ಮಾಡಿದರೆ ಶೇ. 20ರ ವ್ಯಾಟ್ ಬೀಳುವುದಿಲ್ಲ. ನೀವು ಕೈಯಲ್ಲಿ ಹಿಡಿದು ಹೊರಟರೆ ಬೀಳುತ್ತದೆ, ಇಲ್ಲಿ ಸುಂಕವೂ ತಪ್ಪುವುದಿಲ್ಲ.

ವಿಮೆ, ಹಣ, ಮಾರುವವರು

ವಿಮಾನಯಾನ ಸಂಸ್ಥೆ ಕಾಯುತ್ತದೆ ಎಂಬ ಭರವಸೆ ಬೇಡ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅವರ ಹೊಣೆ 2024ರ ಡಿಸೆಂಬರ್ 28ರಿಂದ ಕಿಲೋಗೆ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನದಲ್ಲಿ, 26 ಎಸ್‌ಡಿಆರ್. 130 ಕೆ.ಜಿ.ಗೆ ಅದು ಸುಮಾರು ನಾಲ್ಕು ಲಕ್ಷ ರೂಪಾಯಿ, ಒಳಗಿರುವುದು ಇಪ್ಪತ್ತು ಲಕ್ಷದ್ದಾದರೂ ಇನ್ನೂರು ಲಕ್ಷದ್ದಾದರೂ. ಬೇಕಾದ್ದು ಮೊಳೆಯಿಂದ ಮೊಳೆಗೆ ಎನ್ನುವ ವಿಮೆ: ಅಲ್ಲಿನ ಗೋಡೆಯಿಂದ ಇಳಿಸಿದ ಕ್ಷಣದಿಂದ ಇಲ್ಲಿನ ಗೋಡೆಗೆ ಏರುವವರೆಗೆ, ಒಪ್ಪಿದ ಮೌಲ್ಯಕ್ಕೆ, ದುರಸ್ತಿಯ ನಂತರದ ಬೆಲೆಕುಸಿತವನ್ನೂ ಸೇರಿಸಿ. ಸಾಮಾನ್ಯ ಸರಕು ವಿಮೆ ವಿಮಾನ ನಿಲ್ದಾಣದ ಗೋದಾಮಿನಲ್ಲೋ ನಿಮ್ಮ ಗೇಟಿನಲ್ಲೋ ಮುಗಿದುಬಿಡುತ್ತದೆ, ಮೆಟ್ಟಿಲ ತಿರುವಿನ ಗೀರು ಅದರ ಹೊರಗೆ. ಸಾಕಷ್ಟಿಲ್ಲದ ಪ್ಯಾಕಿಂಗಿನಿಂದಾದ ಹಾನಿಯನ್ನು ಬಹುತೇಕ ಪಾಲಿಸಿಗಳು ಹೊರಗಿಡುತ್ತವೆ. ಹಾನಿ ಕಂಡರೆ ಮುಂದೆ ಬಿಚ್ಚುವುದನ್ನು ಅಲ್ಲಿಗೇ ನಿಲ್ಲಿಸಿ, ಫೋಟೊ ತೆಗೆದು, ವಿಮಾ ಸಮೀಕ್ಷಕರನ್ನು ಕರೆಯಿರಿ. ವಿಮಾನಯಾನ ಸಂಸ್ಥೆಗೆ ಲಿಖಿತ ದೂರು 14 ದಿನದೊಳಗೆ ಹೋಗಬೇಕು. ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ, ಅದೇ ಸಾಕ್ಷಿ.

ಬ್ಯಾಂಕಿನಲ್ಲಿ ಹಣ ಕಳಿಸುವಾಗ ಉದ್ದೇಶ ಸಂಕೇತ ಸರಕಿನ ಆಮದಿನದ್ದಾಗಿರಲಿ: ಮುಂಗಡಕ್ಕೆ ಎಸ್0101. ಗೊತ್ತಿಲ್ಲದ ಶಾಖೆಯವರು ಉದಾರೀಕೃತ ಹಣರವಾನೆ ಯೋಜನೆಯಡಿ ಹಾಕಿಬಿಟ್ಟರೆ ವರ್ಷಕ್ಕೆ ₹10 ಲಕ್ಷ ದಾಟಿದ ಮೊತ್ತಕ್ಕೆ ಶೇ. 20 ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ಅದು ಆದಾಯ ತೆರಿಗೆಯಲ್ಲಿ ಹೊಂದಿಕೆಯಾಗುತ್ತದೆ ನಿಜ, ಅಲ್ಲಿಯವರೆಗೆ ನಿಮ್ಮ ಹಣ ಸಿಕ್ಕಿಕೊಂಡಿರುತ್ತದೆ. ಸರಕು ಬಂದ ಮೇಲೆ ಬಿಲ್ ಆಫ್ ಎಂಟ್ರಿಯನ್ನು ಬ್ಯಾಂಕಿಗೆ ಕೊಟ್ಟು ಆ ಮುಂಗಡದ ಲೆಕ್ಕ ಮುಚ್ಚಿಸಿ. ಮುಚ್ಚದೆ ಉಳಿದ ಲೆಕ್ಕ ಮುಂದಿನ ಖರೀದಿಗೆ ಅಡ್ಡ ಬರುತ್ತದೆ.

ಹೊಸ ಕೃತಿಗೆ ರಫ್ತು ಪರವಾನಗಿಯ ಚಿಂತೆ ಕಡಿಮೆ. ಹಳೆಯದಾದರೆ ದೇಶದೇಶಕ್ಕೂ ಗೆರೆ ಬೇರೆ: ಇಟಲಿಯಲ್ಲಿ 70 ವರ್ಷ ದಾಟಿ 13,500 ಯೂರೊ ಮೀರಿದ್ದಕ್ಕೆ, ಫ್ರಾನ್ಸಿನಲ್ಲಿ 50 ವರ್ಷ ದಾಟಿ 3,00,000 ಯೂರೊ ಮೀರಿದ ಚಿತ್ರಕ್ಕೆ ಅನುಮತಿ ಬೇಕು. ಪರವಾನಗಿ ಸಿಗದಿದ್ದರೆ ಹಣ ವಾಪಸ್ ಎಂಬ ಸಾಲು ಒಪ್ಪಂದದಲ್ಲಿರಲಿ. ಅನೇಕ ಹರಾಜು ಮನೆಗಳ ನಿಯಮದಲ್ಲಿ ಅದು ಇರುವುದಿಲ್ಲ. ಹರಾಜಿನಲ್ಲಾದರೆ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕಾಲುಭಾಗದ ಆಸುಪಾಸು ಖರೀದಿದಾರರ ಪ್ರೀಮಿಯಂ ಎಂಬ ಹರಾಜು ಮನೆಯ ಶುಲ್ಕ ಕೂಡುತ್ತದೆ, ಗ್ಯಾಲರಿಯಲ್ಲಿ ಅದಿಲ್ಲ. ಹಳೆಯ ಯೂರೋಪಿಯನ್ ಕೃತಿಯಾದರೆ ನಾಜಿಗಳ ಲೂಟಿಯ ಕಾಲವಾದ 1933ರಿಂದ 1945ರ ನಡುವೆ ಯಾರ ಬಳಿಯಿತ್ತು ಎಂಬ ದಾಖಲೆ ಕೇಳಿ, ಕಳುವಾದ ಕಲಾಕೃತಿಗಳ ಪಟ್ಟಿ ಇಡುವ ಲಂಡನ್ನಿನ ಆರ್ಟ್ ಲಾಸ್ ರಿಜಿಸ್ಟರಿನ ಪ್ರಮಾಣಪತ್ರ ತರಿಸಿ.

ಮಾರುವವರಿಂದ ಬೇಕಾದ ಫೋಟೊಗಳು ವೆಬ್‌ಪುಟದಲ್ಲಿರುವುದಿಲ್ಲ. ಚಿತ್ರದ ಬೆನ್ನು, ನಾಲ್ಕು ಮೂಲೆ, ನಾಲ್ಕು ಅಂಚು, ಜೊತೆಗೆ ಕತ್ತಲ ಕೋಣೆಯಲ್ಲಿ ಒಂದು ಬದಿಯಿಂದ ಮಾತ್ರ ದೀಪ ಹಿಡಿದು ತೆಗೆದದ್ದು. ಎದುರು ಬೆಳಕಿನಲ್ಲಿ ಸಪಾಟಾಗಿ ಕಂಡ ಮೈ ಆ ಓರೆ ಬೆಳಕಿನಲ್ಲಿ ಉಬ್ಬು, ತಗ್ಗು, ಹಳೆಯ ಹೊಲಿಗೆ, ಎದ್ದು ನಿಂತ ಪದರ ಎಲ್ಲವನ್ನೂ ತೋರಿಸುತ್ತದೆ. ಇದೇ ಚಿತ್ರಗಳು ಪೆಟ್ಟಿಗೆ ಮುಚ್ಚುವಾಗಲೂ ಇಲ್ಲಿ ತೆರೆದಾಗಲೂ ಮರುಕಳಿಸಿದರೆ ವಿಮೆಯ ವಾದಕ್ಕೆ ಬೇರೆ ಪುರಾವೆ ಬೇಕಿಲ್ಲ. ಅದೇ ಪತ್ರದಲ್ಲಿ ಇನ್ನೆರಡು ಪ್ರಶ್ನೆ ಸೇರಿಸಿ: ಸಾಗಣೆಯ ಅಂದಾಜು ಎಷ್ಟು ದಿನಕ್ಕೆ ಬದ್ಧ, ಮತ್ತು ಹಣ ಪಾವತಿಯಾದ ಎಷ್ಟನೇ ದಿನದಿಂದ ಗೋದಾಮಿನ ಬಾಡಿಗೆ ಶುರು. ದೊಡ್ಡ ಪೆಟ್ಟಿಗೆ ತಯಾರಾಗಲು ವಾರಗಳು ಹಿಡಿಯುತ್ತವೆ, ಸರಕು ವಿಮಾನದಲ್ಲಿ ಜಾಗ ಸಿಗಲು ಇನ್ನಷ್ಟು ದಿನ. ಆ ಅವಧಿಯ ಬಾಡಿಗೆಯನ್ನು ಯಾರು ಕಟ್ಟುತ್ತಾರೆಂದು ಬೆಲೆ ಒಪ್ಪುವ ಮೊದಲೇ ಬರೆಸಿಕೊಳ್ಳಿ.